ಮೀನಿನ ಬೆಳವಣಿಗೆಯೂ ಥೈರಾಯಿಡ್ ಗ್ರಂಥಿಯೂ

ಮೀನಿನ ಮರಿಗೆ ಈಜು ಕಲಿಸಬೇಕೆ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಈಜು ಅದಕ್ಕೆ ಹುಟ್ಟುಗುಣ; ಅದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಮೊಟ್ಟೆಯೊಡೆದು ಹೊರಬಂದ, ಅಕ್ಕಿಯ ನುಚ್ಚಿನಷ್ಟಿರುವ ಆ ಜೀವಕ್ಕೆ ಬೆಳೆಯುವ ಕ್ರಮವನ್ನು ಕಲಿಸುವವರು ಯಾರು? ಇಂಥ ಕಾಲದಲ್ಲಿ ಈಜುರೆಕ್ಕೆ ಮೂಡಬೇಕು, ಇಂಥ ಕಾಲದಲ್ಲಿ ಮೈಮೇಲೆ ಹುರುಪೆ ಹರಡಬೇಕು, ಇಂಥ ಕಾಲದಲ್ಲಿ ಹೊಳೆಯನ್ನು ಬಿಟ್ಟು ಕಡಲಿಗೆ ಹೊರಡಬೇಕು ಎಂಬ ಸಂದೇಶವು ಅದರ ದೇಹಕ್ಕೆ ಎಲ್ಲಿಂದ ಬರುವುದು?

ಈ ಪ್ರಶ್ನೆಗೆ ವಿಜ್ಞಾನಿಗಳು ನೂರು ವರ್ಷಗಳಿಗೂ ಮೀರಿ ಉತ್ತರವನ್ನು ಹುಡುಕಿದ್ದಾರೆ. ಆ ಉತ್ತರದ ಒಂದು ದೊಡ್ಡ ಭಾಗವು ಥೈರಾಯಿಡ್ ಎಂಬ ಪುಟ್ಟ ಗ್ರಂಥಿಯಲ್ಲಿ ಅಡಗಿದೆ. ಆ ಹುಡುಕಾಟದ ಚರಿತ್ರೆಯನ್ನು ನಮ್ಮ ಅಧ್ಯಾಪಕ ಬಂಧುಗಳ ಮತ್ತು ವಿದ್ಯಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ. ಈ ಚರಿತ್ರೆಯಲ್ಲಿ ಉತ್ತರ ಬದಲಾದುದಕ್ಕಿಂತಲೂ ಹೆಚ್ಚಾಗಿ ಪ್ರಶ್ನೆಯೇ ತಿದ್ದಿಕೊಂಡುದನ್ನು ನಾವು ಕಾಣುವೆವು. ಬೆಳವಣಿಗೆ ಎಂದರೇನು ಎಂಬುದನ್ನು ಸರಿಯಾಗಿ ತಿಳಿಯದೆ ಇದ್ದಷ್ಟು ಕಾಲ ಪ್ರಯೋಗಗಳು ಒಂದಕ್ಕೊಂದು ಎದುರು ಮಾತಾಡಿದುವು. ತಿಳಿದ ಬಳಿಕ ಅವೇ ಪ್ರಯೋಗಗಳು ಒಂದೇ ಮಾತನ್ನು ಆಡತೊಡಗಿದುವು.

ಗ್ರಂಥಿಯ ಪರಿಚಯ

ಮನುಷ್ಯನ ಕೊರಳಿನ ಮುಂಭಾಗದಲ್ಲಿ, ಉಸಿರುನಾಳಕ್ಕೆ ಅಂಟಿಕೊಂಡು ಥೈರಾಯಿಡ್ ಗ್ರಂಥಿಯಿದೆ. ಇಂಗ್ಲೆಂಡಿನ ವೈದ್ಯನಾದ ಥಾಮಸ್ ವಾರ್ಟನ್ ಎಂಬಾತನು ೧೬೫೬ರಲ್ಲಿ ಅದಕ್ಕೆ ಆ ಹೆಸರನ್ನಿಟ್ಟನು. ಗ್ರೀಕ್ ಭಾಷೆಯಲ್ಲಿ ಗುರಾಣಿಯನ್ನು ಸೂಚಿಸುವ ಶಬ್ದವೊಂದರಿಂದ ಆ ಹೆಸರು ಬಂದಿದೆ. ಹೆಸರೇನೋ ದೊರೆಯಿತು, ಆದರೆ ಅದರ ಕೆಲಸವೇನೆಂಬುದು ಇನ್ನೂ ಎರಡು ಶತಮಾನಗಳಿಗೂ ಮೀರಿ ಯಾರಿಗೂ ತಿಳಿಯಲಿಲ್ಲ.

ಈ ಗ್ರಂಥಿಯು ಊದಿಕೊಂಡರೆ ಬರುವುದೇ ಗಳಗಂಡ. ಬೆಟ್ಟಸೀಮೆಗಳಲ್ಲಿ ಈ ರೋಗ ಹೆಚ್ಚು. ಕಡಲ ತೀರದಲ್ಲಿ ಕಡಮೆ. ೧೮೧೧ರಲ್ಲಿ ಫ್ರಾನ್ಸಿನ ಬರ್ನಾರ್ ಕೂರ್ತ್ವಾ ಎಂಬ ಪೆಟ್ಲುಪ್ಪಿನ ತಯಾರಕನು ಕಡಲ ಪಾಚಿಯ ಬೂದಿಯಿಂದ ನೇರಳೆ ಬಣ್ಣದ ಆವಿಯೊಂದು ಏಳುವುದನ್ನು ಕಂಡನು. ಹೀಗೆ ಅಯೋಡೀನ್ ಎಂಬ ಮೂಲವಸ್ತು ಬೆಳಕಿಗೆ ಬಂದಿತು. ೧೮೨೦ರಲ್ಲಿ ಜಿನೀವಾದ ವೈದ್ಯ ಕ್ವಾಂದೆ ಅದನ್ನು ಗಳಗಂಡದ ಮದ್ದಾಗಿ ಬಳಸಿದನು. ೧೮೯೧ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರೆ, ಈ ಗ್ರಂಥಿ ಸೋತುಹೋಗಿದ್ದ ರೋಗಿಯೊಬ್ಬಳಿಗೆ ಕುರಿಯ ಥೈರಾಯಿಡ್ಡಿನ ಸಾರವನ್ನು ಚುಚ್ಚಿ ಗುಣಪಡಿಸಿದನು. ಕೊನೆಗೆ ೧೮೯೫-೯೬ರಲ್ಲಿ ಜರ್ಮನಿಯ ಓಯ್ಗೆನ್ ಬೌಮಾನ್, ಈ ಗ್ರಂಥಿಯ ಒಳಗೇ ಅಯೋಡೀನ್ ಇದೆಯೆಂಬುದನ್ನು ಸಿದ್ಧಪಡಿಸಿದನು. ಕಡಲಿನ ವಸ್ತುವೊಂದು ಕೊರಳಿನ ಗ್ರಂಥಿಯಲ್ಲಿ ಏಕೆ ಸಂಗ್ರಹವಾಗುವುದೆಂಬ ಪ್ರಶ್ನೆ ಆಗ ಎದ್ದಿತು.

ಇಷ್ಟೆಲ್ಲವೂ ಮನುಷ್ಯನ ವಿಷಯವಾಯಿತು. ಮೀನಿಗೂ ಈ ಗ್ರಂಥಿಯಿದೆ. ಆದರೆ ಬಹುಪಾಲು ಮೀನುಗಳಲ್ಲಿ ಅದು ಒಂದೇ ಗಡ್ಡೆಯಾಗಿ ಕೂಡಿಕೊಂಡಿಲ್ಲ. ಹೃದಯದಿಂದ ಕಿವಿರುಗಳ ಕಡೆಗೆ ರಕ್ತವನ್ನು ಒಯ್ಯುವ ದೊಡ್ಡ ನಾಳವೊಂದಿದೆ. ಅದರ ಸುತ್ತಮುತ್ತ ಅತಿಸೂಕ್ಷ್ಮವಾದ ಕಿರುಚೀಲಗಳು ಅಲ್ಲೊಂದು ಇಲ್ಲೊಂದು ಚೆದರಿಕೊಂಡಿರುವುವು. ಆ ಚೆದರಿದ ಕಿರುಚೀಲಗಳೇ ಮೀನಿನ ಥೈರಾಯಿಡ್. ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಸಂಶೋಧಕರನ್ನು ಬಹಳ ಕಾಲ ಕಾಡಿದ ತೊಡಕು ಇದೇ.

ಟ್ರೌಟ್ ಮೀನಿನ ಕೊರಳ ಗಂಟು

ಮೀನಿನ ಥೈರಾಯಿಡ್ ಮೊದಲು ಜನರ ಗಮನಕ್ಕೆ ಬಂದುದು ಬೆಳವಣಿಗೆಯ ಪ್ರಶ್ನೆಯಿಂದಲ್ಲ, ರೋಗದಿಂದ. ಟ್ರೌಟ್ ಎಂಬುದು ತಣ್ಣನೆಯ ಹೊಳೆಗಳ ಮೀನು. ಇದರ ಒಂದು ಜಾತಿಯನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನೀಲಗಿರಿಯ ಹೊಳೆಗಳಿಗೂ ತಂದು ಬಿಟ್ಟರು. ಆದುದರಿಂದ ನೀಲಗಿರಿಯ ಓದುಗರಿಗೆ ಈ ಹೆಸರು ಹೊಸತಲ್ಲ. ಅದೇ ಕಾಲದಲ್ಲಿ ಅಮೆರಿಕಾದ ಮೀನುಸಾಕಣೆಯ ತೊಟ್ಟಿಗಳಲ್ಲಿ ಬ್ರೂಕ್ ಟ್ರೌಟ್ ಎಂಬ ಜಾತಿಯ ಮೀನುಗಳ ಗಂಟಲಿನ ಕೆಳಗೆ ಕೆಂಪು ಗಂಟುಗಳು ಎದ್ದು, ಕಿವಿರಿನ ಕಡೆಗೆ ಹರಡಿ, ಮೀನುಗಳು ಸಾಯತೊಡಗಿದುವು.

ಇದು ಏನು? ನ್ಯೂಯಾರ್ಕ್ ಸಂಸ್ಥಾನದ ಬಫೆಲೋ ನಗರದಲ್ಲಿ ಅರ್ಬುದರೋಗದ ಸಂಶೋಧನೆ ನಡೆಸುತ್ತಿದ್ದ ಹಾರ್ವಿ ಗೇಲಾರ್ಡ್ ಎಂಬವರು, ಮೀನುಗಾರಿಕೆಯ ಇಲಾಖೆಯ ಮಿಲಾರ್ಡ್ ಮಾರ್ಷ್ ಅವರೊಡನೆ ಸೇರಿ, ಇದು ಥೈರಾಯಿಡ್ಡಿನ ಅರ್ಬುದವೇ ಸರಿಯೆಂದು ವಾದಿಸಿದರು. ೧೯೧೪ರಲ್ಲಿ ಪ್ರಕಟವಾದ ಅವರ ವರದಿಯು ಬಹು ದೊಡ್ಡದು. ಮೀನಿನಿಂದ ಮೀನಿಗೆ ದಾಟುವ ಯಾವುದೋ ಕಾರಣವು ತೊಟ್ಟಿಯಲ್ಲಿದೆಯೆಂಬ ಶಂಕೆ ಅವರದು. ಅರ್ಬುದಕ್ಕೆ ಮೂಲವನ್ನು ಹುಡುಕುತ್ತಿದ್ದ ಆ ಕಾಲದಲ್ಲಿ ಈ ಮಾತು ಸಣ್ಣದಾಗಿರಲಿಲ್ಲ.

ಇದಕ್ಕೆ ಎದುರಾಗಿ ನಿಂತವರು ಡೇವಿಡ್ ಮರೀನ್. ಇವರು ೧೮೮೦ರಲ್ಲಿ ಹುಟ್ಟಿದವರು; ಕ್ಲೀವ್‌ಲೆಂಡ್ ನಗರದಲ್ಲಿ ನಾಯಿಗಳ ಗಳಗಂಡವನ್ನು ಕುರಿತು ಆಗಲೇ ಕೆಲಸ ಮಾಡಿದ್ದವರು. ಸಿ. ಎಚ್. ಲೆನ್‌ಹಾರ್ಟ್ ಅವರೊಡನೆ ಇವರು ೧೯೧೦ರಲ್ಲಿಯೇ ಟ್ರೌಟ್ ಮೀನಿನ ಗಂಟನ್ನು ಕುರಿತು ಪ್ರಬಂಧ ಬರೆದು, ಇದು ಅರ್ಬುದವಲ್ಲ, ಬರಿಯ ಗಳಗಂಡ ಎಂದು ಸಾರಿದರು. ತೊಟ್ಟಿಯ ನೀರಿಗೆ ಅತ್ಯಲ್ಪ ಪ್ರಮಾಣದಲ್ಲಿ ಅಯೋಡೀನ್ ಬೆರೆಸಿದರೆ ಗಂಟು ಇಳಿಯುವುದನ್ನು ಅವರು ತೋರಿಸಿದರು. ಗಂಟಿಗೆ ಕಾರಣ ಮೀನುಗಳಿಗೆ ಹಾಕುತ್ತಿದ್ದ ಆಹಾರ. ಪ್ರಾಣಿಗಳ ಪಿತ್ತಜನಕಾಂಗ, ಹೃದಯ ಮೊದಲಾದುವನ್ನೇ ಅರೆದು ಹಾಕಿ, ಕಿಕ್ಕಿರಿದ ತೊಟ್ಟಿಯಲ್ಲಿ ಅತಿಯಾಗಿ ಉಣ್ಣಿಸಿ ಬೆಳೆಸುವ ಪದ್ಧತಿಯಿಂದ ಈ ಕೇಡು ಬಂದಿತ್ತೆಂದು ೧೯೧೪ರ ತಮ್ಮ ಪ್ರಬಂಧದಲ್ಲಿ ಮರೀನರು ನಿರ್ಣಯಿಸಿದರು. ಇದು ಅಂಟುಜಾಡ್ಯವಲ್ಲ, ಪೋಷಣೆಯ ಕೊರತೆ ಎಂಬುದು ಅವರ ಸಿದ್ಧಾಂತ.

ಈ ವಾದವನ್ನು ಕೇವಲ ಪಂಡಿತರ ಜಗಳವೆಂದು ನಾವು ಬದಿಗಿರಿಸಲಾಗದು. ಏಕೆಂದರೆ ಮರೀನರು ತೊಟ್ಟಿಯ ಬಳಿಯಿಂದ ನೇರವಾಗಿ ಶಾಲೆಗೆ ನಡೆದರು. ಮೀನಿನ ಗಂಟು ಅಯೋಡೀನಿನಿಂದ ಇಳಿಯುವುದಾದರೆ, ಮಕ್ಕಳ ಗಂಟನ್ನು ಬರುವ ಮೊದಲೇ ಏಕೆ ತಡೆಯಬಾರದು? ಒಹಾಯೋ ಸಂಸ್ಥಾನದ ಆಕ್ರನ್ ಎಂಬ ಊರಿನಲ್ಲಿ, ಒ. ಪಿ. ಕಿಂಬಲ್ ಅವರೊಡನೆ ಸೇರಿ, ೧೯೧೭ರಿಂದ ಶಾಲೆಯ ಹೆಣ್ಣುಮಕ್ಕಳಿಗೆ ವರ್ಷಕ್ಕೆ ಎರಡು ಸಲ ಅಲ್ಪ ಪ್ರಮಾಣದ ಸೋಡಿಯಂ ಅಯೊಡೈಡನ್ನು ಕೊಟ್ಟರು. ೧೯೨೦ರಲ್ಲಿ ಫಲವನ್ನು ಪ್ರಕಟಿಸಿದಾಗ ಲೆಕ್ಕವು ಹೀಗಿದ್ದಿತು: ಮದ್ದನ್ನು ತೆಗೆದುಕೊಂಡ ೨೧೯೦ ಮಂದಿಯಲ್ಲಿ ಗ್ರಂಥಿ ಊದಿದುದು ೫ ಮಂದಿಗೆ ಮಾತ್ರ, ತೆಗೆದುಕೊಳ್ಳದ ೨೩೦೫ ಮಂದಿಯಲ್ಲಿ ೪೯೫ ಮಂದಿಗೆ. ಇಷ್ಟು ಸ್ಪಷ್ಟವಾಗಿ ಮಾತಾಡುವ ಅಂಕೆಗಳು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ವಿರಳ. ಸ್ವಿಟ್ಜರ್ಲೆಂಡಿನಲ್ಲಿ ೧೯೨೨ರಿಂದಲೂ, ಅಮೆರಿಕಾದ ಮಿಷಿಗನ್ ಸಂಸ್ಥಾನದಲ್ಲಿ ೧೯೨೪ರಿಂದಲೂ ಅಯೋಡೀನ್ ಬೆರೆಸಿದ ಉಪ್ಪು ಬಳಕೆಗೆ ಬಂದಿತು. ನಮ್ಮ ದೇಶದಲ್ಲಿ ವಿ. ರಾಮಲಿಂಗಸ್ವಾಮಿಯವರು ಮತ್ತು ಅವರ ಸಂಗಡಿಗರು ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ ೧೯೫೬ರಿಂದ ಇಂಥ ಉಪ್ಪಿನ ಪ್ರಯೋಗವನ್ನು ನಡೆಸಿದರು. ೧೯೬೨ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವು ಆರಂಭವಾಯಿತು. ಇಂದು ನಮ್ಮ ಅಡುಗೆಮನೆಯ ಉಪ್ಪಿನ ಮರಿಗೆಯಲ್ಲಿರುವ ಅಯೋಡೀನಿಗೂ, ಶತಮಾನದ ಹಿಂದೆ ತೊಟ್ಟಿಯಲ್ಲಿ ನರಳಿದ ಆ ಟ್ರೌಟ್ ಮೀನಿಗೂ ಹೀಗೆ ನಂಟಿದೆ.

ಗೊದಮೊಟ್ಟೆ ಹೇಳಿದ ಮಾತು

ಮೀನಿನ ಗಂಟಿನ ವಾದ ನಡೆಯುತ್ತಿದ್ದಾಗಲೇ, ೧೯೧೨ರಲ್ಲಿ, ಗುಡರ್ನಾಚ್ ಎಂಬ ವಿಜ್ಞಾನಿ ಇನ್ನೊಂದು ಪ್ರಯೋಗವನ್ನು ಪ್ರಕಟಿಸಿದರು. ಕಪ್ಪೆಯ ಮರಿಗಳಾದ ಗೊದಮೊಟ್ಟೆಗಳಿಗೆ ಅವರು ಬೇರೆ ಬೇರೆ ಪ್ರಾಣಿಗಳ ಬೇರೆ ಬೇರೆ ಅಂಗಗಳನ್ನು ತಿನ್ನಿಸಿ ನೋಡಿದರು. ಥೈರಾಯಿಡ್ಡನ್ನು ತಿಂದ ಗೊದಮೊಟ್ಟೆಗಳು ದೊಡ್ಡದಾಗಿ ಬೆಳೆಯಲಿಲ್ಲ. ಬದಲಿಗೆ ಬಲು ಬೇಗನೆ ಬಾಲವನ್ನು ಕಳೆದುಕೊಂಡು, ಕಾಲುಗಳನ್ನು ಮೂಡಿಸಿಕೊಂಡು ಕುಬ್ಜ ಕಪ್ಪೆಗಳಾದುವು. ಕೆಲವು ವರ್ಷಗಳ ಬಳಿಕ ಅಮೆರಿಕಾದ ಬೆನೆಟ್ ಆಲೆನ್ ಇದನ್ನೇ ತಿರುಗಿಸಿ ನೋಡಿದರು. ಎಳೆಯ ಗೊದಮೊಟ್ಟೆಗಳಿಂದ ಥೈರಾಯಿಡ್ಡನ್ನು ತೆಗೆದುಹಾಕಿದರು. ಅವು ದಪ್ಪ ದಪ್ಪನಾಗಿ ಬೆಳೆದುವು, ಆದರೆ ಕಪ್ಪೆಗಳಾಗಲಿಲ್ಲ.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಗಾತ್ರ ಬೇರೆ, ಮಾರ್ಪಾಡು ಬೇರೆ ಎಂಬುದನ್ನು ಈ ಎರಡು ಪ್ರಯೋಗಗಳು ಕನ್ನಡಿಯಲ್ಲಿಟ್ಟಂತೆ ತೋರಿಸಿದುವು. ಆದರೆ ಮೀನನ್ನು ಕುರಿತು ಕೆಲಸ ಮಾಡುತ್ತಿದ್ದವರು ಇದನ್ನು ತಮ್ಮ ಪ್ರಯೋಗಗಳಿಗೆ ಅನ್ವಯಿಸಿಕೊಳ್ಳಲು ಬಹಳ ಕಾಲ ಹಿಡಿಯಿತು.

ಇತ್ತ ರಸಾಯನಶಾಸ್ತ್ರಜ್ಞರು ಗ್ರಂಥಿಯ ಸತ್ತ್ವವನ್ನು ಬೇರ್ಪಡಿಸುತ್ತಿದ್ದರು. ಒಂದು ಗ್ರಂಥಿಯಲ್ಲಿ ಹುಟ್ಟಿ ರಕ್ತದಲ್ಲಿ ಹರಿದು ದೂರದ ಅಂಗಕ್ಕೆ ಆಜ್ಞೆಯನ್ನು ಮುಟ್ಟಿಸುವ ರಾಸಾಯನಿಕ ದೂತನಿಗೆ ೧೯೦೫ರಲ್ಲಿ ಸ್ಟಾರ್ಲಿಂಗ್ ಹಾರ್ಮೋನು ಎಂಬ ಹೆಸರನ್ನು ಬಳಕೆಗೆ ತಂದಿದ್ದನು. ೧೯೧೪ರ ಡಿಸೆಂಬರ್ ೨೫ರಂದು ಅಮೆರಿಕಾದ ಎಡ್ವರ್ಡ್ ಕೆಂಡಾಲ್ ಥೈರಾಯಿಡ್ಡಿನ ಹಾರ್ಮೋನನ್ನು ಹರಳಿನ ರೂಪದಲ್ಲಿ ಪಡೆದರು. ಸುಮಾರು ೩ ಟನ್ನು ಹಂದಿಯ ಗ್ರಂಥಿಗಳಿಂದ ದೊರೆತುದು ಸುಮಾರು ೩೩ ಗ್ರಾಂ ಮಾತ್ರ! ಇದಕ್ಕೆ ಥೈರಾಕ್ಸಿನ್ ಎಂದು ಹೆಸರಾಯಿತು. ೧೯೨೬ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಹ್ಯಾರಿಂಗ್ಟನ್ ಅದರ ರಚನೆಯನ್ನು ಬಿಡಿಸಿದರು. ಮರುವರ್ಷ ಜಾರ್ಜ್ ಬಾರ್ಜರ್ ಅವರೊಡನೆ ಅದನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಿದರು. ಅದರ ಒಂದೊಂದು ಅಣುವಿನಲ್ಲಿ ಅಯೋಡೀನಿನ ನಾಲ್ಕು ಪರಮಾಣುಗಳಿವೆ. ೧೯೫೨ರಲ್ಲಿ ಲಂಡನ್ನಿನ ಜ್ಯಾಕ್ ಗ್ರಾಸ್ ಮತ್ತು ರೋಸಲಿಂಡ್ ಪಿಟ್ ರಿವರ್ಸ್ ಎಂಬವರು ಮೂರೇ ಅಯೋಡೀನ್ ಪರಮಾಣುಗಳುಳ್ಳ ಇನ್ನೊಂದು ಹಾರ್ಮೋನನ್ನು ಕಂಡುಹಿಡಿದರು. ಇದು ಥೈರಾಕ್ಸಿನ್ನಿಗಿಂತಲೂ ಪ್ರಬಲ. ಗ್ರಂಥಿಯಿಂದ ಹೊರಡುವುದು ಹೆಚ್ಚಾಗಿ ನಾಲ್ಕರ ರೂಪ. ಪಿತ್ತಜನಕಾಂಗವೇ ಮೊದಲಾದ ಅಂಗಗಳಲ್ಲಿ ಒಂದು ಪರಮಾಣು ಕಳಚಿ ಅದು ಮೂರರ ರೂಪವಾಗುವುದು. ಜೀವಕೋಶದೊಳಗೆ ಕೆಲಸ ಮಾಡುವುದು ಮುಖ್ಯವಾಗಿ ಈ ಮೂರರ ರೂಪವೇ. ಮೀನಿನಲ್ಲಿಯೂ ಇದೇ ಕ್ರಮ.

ಎದುರುಬದುರಾದ ಫಲಗಳು

ಹಾರ್ಮೋನು ಕೈಗೆ ಸಿಕ್ಕ ಮೇಲೆ ಮೀನುಗಳಿಗೆ ಅದನ್ನು ಕೊಟ್ಟು ನೋಡುವುದು ಸುಲಭವಾಯಿತು. ಕೇಳಿದ ಪ್ರಶ್ನೆಯೂ ಸರಳವೇ: ಥೈರಾಯಿಡ್ ಕೊಟ್ಟರೆ ಮೀನು ದೊಡ್ಡದಾಗುವುದೇ? ಆದರೆ ಬಂದ ಉತ್ತರಗಳು ಸರಳವಾಗಿರಲಿಲ್ಲ. ಒಬ್ಬನ ತೊಟ್ಟಿಯಲ್ಲಿ ಮೀನುಗಳು ಬೇಗ ಬೆಳೆದುವು. ಇನ್ನೊಬ್ಬನ ತೊಟ್ಟಿಯಲ್ಲಿ ಏನೂ ಆಗಲಿಲ್ಲ. ಮತ್ತೊಬ್ಬನ ತೊಟ್ಟಿಯಲ್ಲಿ ಮೀನುಗಳು ಸೊರಗಿದುವು. ೧೯೫೧ರಲ್ಲಿ ಲಿನ್ ಮತ್ತು ವಾಕೋವ್‌ಸ್ಕಿ ಎಂಬ ಇಬ್ಬರು ಶೀತರಕ್ತ ಪ್ರಾಣಿಗಳ ಥೈರಾಯಿಡ್ಡನ್ನು ಕುರಿತ ಕೆಲಸವನ್ನೆಲ್ಲ ಒಟ್ಟುಗೂಡಿಸಿ ವಿಮರ್ಶಿಸಿದಾಗ ಮೀನಿನ ಮಟ್ಟಿಗೆ ಒಮ್ಮತವಿರಲಿಲ್ಲ.

ಈ ಗೊಂದಲಕ್ಕೆ ಕಾರಣಗಳು ಹಲವು. ಮೊದಲನೆಯದು, ನಾವು ಮೇಲೆ ಹೇಳಿದ ತೊಡಕು. ಒಂದು ಗ್ರಂಥಿಯ ಕೆಲಸವನ್ನು ತಿಳಿಯಬೇಕಾದರೆ ಅದನ್ನು ತೆಗೆದುಹಾಕಿ ನೋಡುವುದು ಶರೀರಶಾಸ್ತ್ರದ ಹಳೆಯ ವಿಧಾನ. ಆದರೆ ಚೆಲ್ಲಾಪಿಲ್ಲಿಯಾಗಿ ಚೆದರಿದ ಕಿರುಚೀಲಗಳನ್ನು ಯಾವ ಕತ್ತಿಯಿಂದ ಆರಿಸಿ ತೆಗೆಯುವುದು? ಎರಡನೆಯದು, ಪ್ರಮಾಣ. ಈ ಹಾರ್ಮೋನು ಹಿತಮಿತವಾಗಿದ್ದರೆ ದೇಹವನ್ನು ಕಟ್ಟುವುದು. ಅತಿಯಾದರೆ ಕಟ್ಟಿದ ದೇಹವನ್ನೇ ಕರಗಿಸುವುದು. ಅತಿಯಾದರೆ ಅಮೃತವೂ ವಿಷವೆಂಬ ಮಾತು ಇಲ್ಲಿ ಅಕ್ಷರಶಃ ನಿಜ. ಮೂರನೆಯದು, ಮೀನಿನ ಜಾತಿ, ವಯಸ್ಸು, ನೀರಿನ ಬಿಸುಪು, ಉಣಿಸಿನ ಮಟ್ಟ ಇವೆಲ್ಲವೂ ಒಂದೊಂದು ಪ್ರಯೋಗದಲ್ಲಿ ಒಂದೊಂದು ಬಗೆಯಾಗಿದ್ದುವು.

ಮೊದಲ ತೊಡಕನ್ನು ಬಿಡಿಸಲು ಎರಡು ಉಪಾಯಗಳು ದೊರೆತುವು. ೧೯೪೦ರ ದಶಕದ ಆರಂಭದಲ್ಲಿ, ಥಯೋಯೂರಿಯಾ ಮತ್ತು ಅದರ ಸಂಬಂಧಿ ವಸ್ತುಗಳು ಗ್ರಂಥಿಯು ಹಾರ್ಮೋನನ್ನು ತಯಾರಿಸದಂತೆ ತಡೆಯುವುವೆಂದು ಗೊತ್ತಾಯಿತು. ಅದನ್ನು ನೀರಿಗೆ ಬೆರೆಸಿದರೆ ಸಾಕು, ಕತ್ತಿ ಬೇಕಿಲ್ಲ. ಎರಡನೆಯದು ವಿಕಿರಣವುಳ್ಳ ಅಯೋಡೀನ್. ಥೈರಾಯಿಡ್ ತಾನಾಗಿಯೇ ಅಯೋಡೀನನ್ನು ಎಳೆದುಕೊಳ್ಳುವುದರಿಂದ, ಈ ವಿಕಿರಣ ವಸ್ತುವು ಎಲ್ಲೆಲ್ಲಿ ಚೆದರಿದ್ದರೂ ಆ ಕಿರುಚೀಲಗಳನ್ನೇ ಹುಡುಕಿ ಹೊಕ್ಕು ನಾಶಮಾಡುವುದು. ಲ ರೋಷ್ ಎಂಬ ವಿಜ್ಞಾನಿ ೧೯೫೦ರ ದಶಕದಲ್ಲಿ ಸಾಮನ್ ಮೀನಿನಲ್ಲಿ ಈ ಉಪಾಯವನ್ನು ಬಳಸಿದರು. ೧೯೬೬ರಲ್ಲಿ ಅವರೂ ಅವರ ಸಂಗಡಿಗರೂ ಎಳೆಯ ಟ್ರೌಟ್ ಮರಿಗಳ ಥೈರಾಯಿಡ್ಡನ್ನು ಹೀಗೆ ನಾಶಮಾಡಿದಾಗ ಅವುಗಳ ಬೆಳವಣಿಗೆ ಕುಂಠಿತವಾದುದು ಕಂಡುಬಂದಿತು. ಇದಕ್ಕೆ ಮೊದಲೇ, ೧೯೬೧ರಲ್ಲಿ, ಇಂಗ್ಲೆಂಡಿನ ಬ್ಯಾರಿಂಗ್ಟನ್ ಮತ್ತು ಅವರ ಸಂಗಡಿಗರು ಟ್ರೌಟ್ ಮೀನಿಗೆ ಥೈರಾಯಿಡ್ ಪುಡಿಯನ್ನೂ ಥೈರಾಕ್ಸಿನ್ನನ್ನೂ ಕೊಟ್ಟು ಬೆಳವಣಿಗೆ ಹೆಚ್ಚುವುದನ್ನು ತೋರಿಸಿದ್ದರು.

ಹಾಗಾದರೆ ಬೆಳವಣಿಗೆಯ ಹಾರ್ಮೋನು ಥೈರಾಕ್ಸಿನ್ನೇ? ಅಲ್ಲ. ಮಿದುಳಿನ ಕೆಳಗಿರುವ ಪಿಟ್ಯೂಟರಿ ಗ್ರಂಥಿಯಲ್ಲಿ ಅದಕ್ಕೆಂದೇ ಬೇರೊಂದು ಹಾರ್ಮೋನು ಇದೆ. ಅಮೆರಿಕಾದ ಗ್ರೇಸ್ ಪಿಕ್‌ಫರ್ಡ್ ಎಂಬ ವಿದುಷಿಯು ಪಿಟ್ಯೂಟರಿಯನ್ನು ತೆಗೆದ ಮೀನುಗಳ ಮೇಲೆ ಬಹು ನಾಜೂಕಾದ ಪ್ರಯೋಗಗಳನ್ನು ನಡೆಸಿ ಅದನ್ನು ತೋರಿಸಿದರು. ಜೇಮ್ಸ್ ಆಟ್ಸ್ ಅವರೊಡನೆ ೧೯೫೭ರಲ್ಲಿ ಮೀನುಗಳ ಪಿಟ್ಯೂಟರಿಯನ್ನು ಕುರಿತ ದೊಡ್ಡ ಗ್ರಂಥವನ್ನು ಹೊರತಂದರು. ಥೈರಾಯಿಡ್ ಯಾವಾಗ ಎಷ್ಟು ಕೆಲಸ ಮಾಡಬೇಕೆಂಬ ಅಪ್ಪಣೆಯೂ ಇದೇ ಪಿಟ್ಯೂಟರಿಯಿಂದ ಹೊರಡುವುದು. ಗಾತ್ರದ ವಿಷಯದಲ್ಲಿ ಥೈರಾಯಿಡ್ ಯಜಮಾನನಲ್ಲ, ಜೊತೆಗಾರ. ಪಿಟ್ಯೂಟರಿಯ ಹಾರ್ಮೋನು ಕೆಲಸ ಮಾಡಲು ಅದರ ನೆರವು ಬೇಕು.

ಪ್ರಶ್ನೆ ಬದಲಾದುದು

ಹಾಗಾದರೆ ಥೈರಾಯಿಡ್ಡಿನ ಸ್ವಂತ ಕೆಲಸ ಯಾವುದು? ಈ ಪ್ರಶ್ನೆಗೆ ಸಾಮನ್ ಮೀನು ಬಾಯಿಬಿಟ್ಟಿತು. ಸಾಮನ್ ಹೊಳೆಯಲ್ಲಿ ಹುಟ್ಟಿ, ಕಡಲಿಗೆ ಹೋಗಿ ಬೆಳೆದು, ಮೊಟ್ಟೆಯಿಡಲು ಮತ್ತೆ ಹೊಳೆಗೆ ಬರುವುದು. ಹೊಳೆಯಲ್ಲಿರುವ ಮರಿಯ ಮೈಮೇಲೆ ಕಪ್ಪು ಪಟ್ಟೆಗಳಿರುವುವು. ಕಡಲಿಗೆ ಹೊರಡುವ ಕಾಲ ಬಂದಾಗ ಪಟ್ಟೆಗಳು ಮರೆಯಾಗಿ ಮೈ ಬೆಳ್ಳಿಯಂತೆ ಹೊಳೆಯುವುದು, ದೇಹ ನೀಳವಾಗುವುದು, ಉಪ್ಪು ನೀರನ್ನು ತಾಳುವ ಶಕ್ತಿ ಬರುವುದು. ೧೯೩೯ರಲ್ಲಿ ಕೆನಡಾದ ವಿಲಿಯಂ ಹೋರ್, ಈ ಬೆಳ್ಳಿಮೈಯ ಹೊತ್ತಿನಲ್ಲಿ ಥೈರಾಯಿಡ್ ಕಿರುಚೀಲಗಳು ಅತ್ಯಂತ ಚಟುವಟಿಕೆಯಿಂದಿರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ರಕ್ತದಲ್ಲಿನ ಹಾರ್ಮೋನನ್ನು ಅಳೆಯುವ ವಿಧಾನ ಬಂದ ಮೇಲೆ, ೧೯೭೮ರಲ್ಲಿ, ಡಿಕ್‌ಹಾಫ್, ಫೋಲ್ಮಾರ್ ಮತ್ತು ಗೋರ್ಬ್‌ಮನ್ ಎಂಬವರು ಕೋಹೋ ಜಾತಿಯ ಸಾಮನ್ನಿನಲ್ಲಿ ಆ ಹೊತ್ತಿಗೆ ಥೈರಾಕ್ಸಿನ್ ಉಕ್ಕಿ ಬರುವುದನ್ನು ಅಂಕೆಸಂಖ್ಯೆಗಳಿಂದ ತೋರಿಸಿದರು. ೧೯೮೧ರಲ್ಲಿ ಗ್ರೌ ಮತ್ತು ಸಂಗಡಿಗರು ಇನ್ನೂ ಒಂದು ಬೆರಗಿನ ಸಂಗತಿಯನ್ನು ಪ್ರಕಟಿಸಿದರು: ಈ ಉಕ್ಕು ಅಮಾವಾಸ್ಯೆಯ ಸುಮಾರಿಗೆ ಬರುವುದು. ಮೀನಿನ ಗಂಟಲಿನ ಕಿರುಚೀಲಗಳು ಚಂದ್ರನ ಪಂಚಾಂಗವನ್ನು ಬಲ್ಲುವು!

ಇದಕ್ಕಿಂತಲೂ ಸ್ಪಷ್ಟವಾದ ಸಾಕ್ಷ್ಯ ಜಪಾನಿನಿಂದ ಬಂದಿತು. ನಮ್ಮ ಕಾಸರಗೋಡು, ಮಂಗಳೂರು ತೀರದ ಓದುಗರು ನಂಗು ಮೀನನ್ನು ಬಲ್ಲರು. ಮೈ ಚಪ್ಪಟೆ, ಎರಡು ಕಣ್ಣುಗಳೂ ಒಂದೇ ಮಗ್ಗುಲಿನಲ್ಲಿ. ಇಂಥ ಚಪ್ಪಟೆ ಮೀನುಗಳು ಹುಟ್ಟುವಾಗ ಹಾಗಿರುವುದಿಲ್ಲ. ಎಳೆಯ ಡಿಂಭವು ಬೇರೆ ಮೀನುಗಳಂತೆಯೇ ನೆಟ್ಟಗೆ ಈಜುವುದು, ಆಚೆಗೊಂದು ಈಚೆಗೊಂದು ಕಣ್ಣಿರುವುದು. ಕಾಲ ಬಂದಾಗ ಒಂದು ಕಣ್ಣು ತಲೆಯ ಮೇಲಿನಿಂದ ಮೆಲ್ಲನೆ ಸರಿದು ಮತ್ತೊಂದರ ಬಳಿಗೆ ಬರುವುದು. ಮೀನು ಕುರುಡು ಮಗ್ಗುಲನ್ನು ಕೆಳಗೆ ಮಾಡಿ ಕಡಲ ತಳದ ಮರಳಿನ ಮೇಲೆ ಮಲಗುವುದು. ೧೯೮೫ರಲ್ಲಿ ಇನುಯಿ ಮತ್ತು ಮಿವಾ ಎಂಬ ಜಪಾನೀ ವಿಜ್ಞಾನಿಗಳು ಚಪ್ಪಟೆ ಮೀನಿನ ಡಿಂಭಗಳಿದ್ದ ನೀರಿಗೆ ಥೈರಾಕ್ಸಿನ್ ಬೆರೆಸಿದರು. ಅವು ಕಾಲಕ್ಕೆ ಮುಂಚೆಯೇ ಮಾರ್ಪಾಡು ಹೊಂದಿ ತಳ ಸೇರಿದುವು. ಇನ್ನು ಕೆಲವು ಡಿಂಭಗಳಿಗೆ ಥಯೋಯೂರಿಯಾ ಕೊಟ್ಟರು. ಅವು ಡಿಂಭಗಳಾಗಿಯೇ ಉಳಿದುವು. ತಿನ್ನುತ್ತಿದ್ದುವು, ಈಜುತ್ತಿದ್ದುವು, ಆದರೆ ಕಣ್ಣು ಸರಿಯಲಿಲ್ಲ, ತಳ ಸೇರಲಿಲ್ಲ.

ಗೊದಮೊಟ್ಟೆಯು ೧೯೧೨ರಲ್ಲಿ ಹೇಳಿದ ಮಾತನ್ನೇ ಮೀನು ಏಳು ದಶಕಗಳ ಬಳಿಕ ಹೇಳಿತು. ಮೀನನ್ನು ದೊಡ್ಡದು ಮಾಡುವುದು ಥೈರಾಯಿಡ್ಡಿನ ಮೊದಲ ಕೆಲಸವಲ್ಲ. ಒಂದು ಅವಸ್ಥೆಯಿಂದ ಮುಂದಿನ ಅವಸ್ಥೆಗೆ ದಾಟಿಸುವುದು ಅದರ ಮೊದಲ ಕೆಲಸ. ದಾಟಬೇಕಾದ ವಯಸ್ಸಿನ ಮೀನಿಗೆ ಹಾರ್ಮೋನು ಕೊಟ್ಟವನಿಗೆ ಒಂದು ಫಲ, ದಾಟಿಯಾದ ಮೀನಿಗೆ ಕೊಟ್ಟವನಿಗೆ ಇನ್ನೊಂದು ಫಲ. ಹಿಂದಿನ ಪ್ರಯೋಗಗಳು ಎದುರುಬದುರಾದುದರಲ್ಲಿ ಇದೂ ಒಂದು ಕಾರಣವೆಂಬುದು ಈಗ ನಮಗೆ ಅರ್ಥವಾಗುವುದು.

ತಾಯಿ ಕಟ್ಟಿಕೊಟ್ಟ ಬುತ್ತಿ

ಇನ್ನೊಂದು ಪ್ರಶ್ನೆ ಉಳಿದಿದ್ದಿತು. ಮೊಟ್ಟೆಯಿಂದ ಈಗ ತಾನೆ ಹೊರಬಂದ ಮರಿಗೆ ತನ್ನ ಥೈರಾಯಿಡ್ ಇನ್ನೂ ಸರಿಯಾಗಿ ಕೂಡಿಕೊಂಡಿರುವುದಿಲ್ಲ. ಹಾಗಾದರೆ ಆ ಮೊದಲ ದಿನಗಳ ಸಂದೇಶ ಯಾರದು? ೧೯೮೦ರಲ್ಲಿ ಸಿಂಗಪುರದ ಟಿ. ಜೆ. ಲ್ಯಾಮ್ ಅವರು ತಿಲಾಪಿಯಾ ಮೀನಿನ ಡಿಂಭಗಳಿಗೆ ಥೈರಾಕ್ಸಿನ್ ಒದಗಿಸಿದಾಗ ಅವು ಬೇಗ ಬಲಿತು ಹೆಚ್ಚು ಸಂಖ್ಯೆಯಲ್ಲಿ ಉಳಿದುಕೊಂಡುದನ್ನು ಕಂಡರು. ಈ ತಿಲಾಪಿಯಾ ನಮ್ಮ ದೇಶಕ್ಕೂ ೧೯೫೨ರಲ್ಲಿ ಬಂದು, ಇಂದು ಕೆರೆಕೆರೆಗಳಲ್ಲಿ ಮನೆಮಾಡಿಕೊಂಡಿರುವ ಮೀನು. ೧೯೮೭ರಲ್ಲಿ ಜಪಾನಿನ ಟಗಾವಾ ಮತ್ತು ಹಿರಾನೋ ಅವರೂ, ಅಮೆರಿಕಾದ ಕೋಬುಕೆ ಮತ್ತು ಸಂಗಡಿಗರೂ ಸಾಮನ್ನಿನ ಮೊಟ್ಟೆಯೊಳಗೇ ಥೈರಾಯಿಡ್ ಹಾರ್ಮೋನು ಇರುವುದನ್ನು ತೋರಿಸಿದರು. ತಾಯಿಮೀನು ಮೊಟ್ಟೆಯ ಹಳದಿಯೊಡನೆ ತನ್ನ ರಕ್ತದ ಹಾರ್ಮೋನನ್ನೂ ಬುತ್ತಿಯಾಗಿ ಕಟ್ಟಿ ಕಳುಹಿಸುವುದು! ೧೯೮೮ರಲ್ಲಿ ಕ್ರಿಸ್ಟಫರ್ ಬ್ರೌನ್ ಮತ್ತು ಸಂಗಡಿಗರು ಪಟ್ಟೆಯುಳ್ಳ ಬಾಸ್ ಎಂಬ ಮೀನಿನ ತಾಯಂದಿರಿಗೆ ಮೂರು ಅಯೋಡೀನಿನ ಹಾರ್ಮೋನನ್ನು ಚುಚ್ಚಿ, ಆ ತಾಯಂದಿರ ಮರಿಗಳಲ್ಲಿ ಗಾಳಿಚೀಲವು ಹೆಚ್ಚು ಚೆನ್ನಾಗಿ ಉಬ್ಬುವುದನ್ನೂ, ಬದುಕುಳಿಯುವ ಮರಿಗಳು ಹೆಚ್ಚುವುದನ್ನೂ ತೋರಿಸಿದರು. ಮರಿ ಹುಟ್ಟುವ ಮೊದಲೇ ಅದರ ಬೆಳವಣಿಗೆ ಆರಂಭವಾಗಿರುವುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಜೀವಕೋಶದ ಒಳಗೆ

೧೯೮೬ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಕೆಲಸಮಾಡಿ, ಥೈರಾಯಿಡ್ ಹಾರ್ಮೋನು ಜೀವಕೋಶದ ಬೀಜಕೇಂದ್ರದಲ್ಲಿ ಯಾವುದನ್ನು ಹಿಡಿದು ಕೆಲಸ ಮಾಡುವುದೆಂಬುದನ್ನು ಗುರುತಿಸಿದುವು. ಅದು ಒಂದು ಪ್ರೋಟೀನು. ಹಾರ್ಮೋನು ಕೀಲಿಕೈಯಾದರೆ ಈ ಪ್ರೋಟೀನು ಬೀಗ. ಕೀಲಿಕೈ ತಿರುಗಿದೊಡನೆ ಮಲಗಿದ್ದ ಜೀನುಗಳು ಎಚ್ಚರಗೊಳ್ಳುವುವು. ಎಚ್ಚತ್ತಿದ್ದ ಕೆಲವು ಮಲಗುವುವು. ಒಂದೇ ಹಾರ್ಮೋನು ಗೊದಮೊಟ್ಟೆಯ ಬಾಲವನ್ನು ಕರಗಿಸಿ ಅದೇ ಹೊತ್ತಿನಲ್ಲಿ ಕಾಲನ್ನು ಕಟ್ಟುವುದು ಹೇಗೆಂಬ ಒಗಟು ಇದರಿಂದ ಬಿಡಿಸಿತು. ಸಂದೇಶ ಒಂದೇ, ಒಂದೊಂದು ಅಂಗವೂ ಅದನ್ನು ತನ್ನ ತನ್ನ ಅರ್ಥದಲ್ಲಿ ಓದಿಕೊಳ್ಳುವುದು.

ಆಮೇಲಿನ ಸಂಶೋಧನೆಗಳು ಇದನ್ನು ಬಣ್ಣಗಳಲ್ಲಿಯೇ ತೋರಿಸಿದುವು. ೨೦೧೪ರಲ್ಲಿ ಸಾರಾ ಮ್ಯಾಕ್‌ಮೆನಾಮಿನ್ ಮತ್ತು ಸಂಗಡಿಗರು ಜೀಬ್ರಾ ಮೀನಿನ ಥೈರಾಯಿಡ್ಡನ್ನು ನಾಶಮಾಡಿದಾಗ, ಅದರ ಮೈಯಲ್ಲಿ ಕಪ್ಪು ಬಣ್ಣದ ಕೋಶಗಳು ಹೆಚ್ಚಿ ಹಳದಿ ಬಣ್ಣದವು ಕುಗ್ಗಿದುವು. ಈ ಜೀಬ್ರಾ ಮೀನು ಭಾರತ ಉಪಖಂಡದ ಹೊಳ್ಳಗಳ ಮೀನು ಎಂಬುದು ನಮ್ಮ ವಿದ್ಯಾರ್ಥಿಗಳಿಗೆ ಸಂತೋಷದ ಸಂಗತಿ. ೨೦೨೧ರಲ್ಲಿ ಫ್ರಾನ್ಸಿನ ಪೋಲೀನ್ ಸಾಲಿಸ್, ವ್ಯಾನ್ಸಾಂ ಲೋದೆ ಮೊದಲಾದವರು, ಕಡಲ ಹೂವುಗಳ ನಡುವೆ ವಾಸಿಸುವ ವಿದೂಷಕ ಮೀನಿನ ಬಿಳಿಯ ಪಟ್ಟೆಗಳು ಮೂಡುವ ಕಾಲವನ್ನೂ ಥೈರಾಯಿಡ್ಡೇ ನಿರ್ಧರಿಸುವುದೆಂದು ತೋರಿಸಿದರು. ಯಾವ ಜಾತಿಯ ಕಡಲ ಹೂವಿನಲ್ಲಿ ಮನೆ ಸಿಕ್ಕಿತೆಂಬುದರ ಮೇಲೆ ಆ ಕಾಲ ಹಿಂದುಮುಂದಾಗುವುದು. ನೆಲೆಯು ಗ್ರಂಥಿಯನ್ನು ಪ್ರೇರಿಸುವುದು, ಗ್ರಂಥಿಯು ರೂಪವನ್ನು ಕಟ್ಟುವುದು.

ಆದರೆ ಪ್ರಕೃತಿಯು ಒಂದೇ ಸೂತ್ರಕ್ಕೆ ಎಲ್ಲವನ್ನೂ ಕಟ್ಟಿಹಾಕುವುದಿಲ್ಲ. ದವಡೆಯಿಲ್ಲದ ಲ್ಯಾಂಪ್ರೇ ಎಂಬ ಪುರಾತನ ಜೀವಿಯಲ್ಲಿ ಎಲ್ಲವೂ ತಲೆಕೆಳಗು. ೧೯೬೩ರಲ್ಲಿ ಹೋಹೈಸೆಲ್ ಮತ್ತು ಸ್ಟೆರ್ಬಾ ಎಂಬವರು ಅದರ ಡಿಂಭಗಳಿಗೆ ಥೈರಾಯಿಡ್ಡನ್ನು ತಡೆಯುವ ಪರ್ಕ್ಲೋರೇಟನ್ನು ಕೊಟ್ಟಾಗ ಅವು ಮಾರ್ಪಾಡು ಹೊಂದಿದುವು. ಅಲ್ಲಿ ಹಾರ್ಮೋನು ಏರಿದಾಗಲ್ಲ, ಇಳಿದಾಗ ರೂಪ ಬದಲಾಗುವುದು. ಒಂದು ನಿಯಮ ಸಿಕ್ಕಿತೆಂದು ಕೈತೊಳೆದುಕೊಳ್ಳುವವನಿಗೆ ಲ್ಯಾಂಪ್ರೇ ಒಳ್ಳೆಯ ಗುರು.

ಈ ಚರಿತ್ರೆಯಿಂದ ನಾವು ಪಡೆಯುವುದು

ಈ ವಿದ್ಯೆಯನ್ನು ಕಲಿತ ಮಾತ್ರಕ್ಕೆ ಕೆರೆಗೆ ಹಾರ್ಮೋನು ಸುರಿದು ಮೀನನ್ನು ದಪ್ಪಮಾಡಬಹುದೆಂದು ಯಾರೂ ಭಾವಿಸಬಾರದು. ಹಿತವಾದ ನೀರು, ತಕ್ಕ ಉಣಿಸು, ಉಣಿಸಿನಲ್ಲಿ ಸಾಕಷ್ಟು ಅಯೋಡೀನ್, ಕಿಕ್ಕಿರಿಯದ ತೊಟ್ಟಿ ಇವಿದ್ದರೆ ಮೀನಿನ ಗ್ರಂಥಿ ತನ್ನ ಕೆಲಸವನ್ನು ತಾನೇ ನೋಡಿಕೊಳ್ಳುವುದು. ಮರೀನರು ೧೯೧೪ರಲ್ಲಿ ಹೇಳಿದುದರ ತಾತ್ಪರ್ಯವೂ ಇದೇ.

ಅಧ್ಯಾಪಕರಾದವರಿಗೆ ಇದರಲ್ಲಿ ಎರಡು ಪಾಠಗಳಿವೆ. ಒಂದು, ಉತ್ತರಗಳು ಒಂದಕ್ಕೊಂದು ಹೊಂದದಿದ್ದಾಗ ಉತ್ತರ ಹೇಳಿದವರನ್ನು ಬಯ್ಯುವ ಮೊದಲು ಪ್ರಶ್ನೆಯನ್ನೇ ಇನ್ನೊಮ್ಮೆ ನೋಡಬೇಕು. ಮೀನು ದೊಡ್ಡದಾಗುವುದೇ ಎಂದು ಕೇಳುತ್ತಿದ್ದವರು, ಮೀನು ಯಾವ ಅವಸ್ಥೆಗೆ ದಾಟುತ್ತಿದೆ ಎಂದು ಕೇಳಿದ ದಿನದಿಂದ ಕತ್ತಲೆ ಹರಿಯಿತು. ಇನ್ನೊಂದು, ಥಯೋಯೂರಿಯಾದ ತೊಟ್ಟಿಯಲ್ಲಿ ಉಂಡು ಈಜಾಡಿ ಡಿಂಭವಾಗಿಯೇ ಉಳಿದ ಆ ಚಪ್ಪಟೆ ಮೀನನ್ನು ನಾವು ಮರೆಯಲಾಗದು. ಉಣಿಸಿಗೆ ಕೊರತೆಯಿಲ್ಲದೆಯೂ ಒಂದು ಜೀವವು ಬೆಳೆಯದೆ ಉಳಿಯಬಹುದು. ತಕ್ಕ ಹೊತ್ತಿನಲ್ಲಿ ತಕ್ಕ ಸಂದೇಶವು ಅದಕ್ಕೆ ಮುಟ್ಟಬೇಕು. ಆ ಸಂದೇಶದ ಪ್ರಮಾಣ ಎಷ್ಟು ಅಲ್ಪವೆಂಬುದನ್ನು ೩ ಟನ್ನಿನಿಂದ ಬಂದ ೩೩ ಗ್ರಾಮಿನ ಲೆಕ್ಕವೇ ಹೇಳುವುದು. ಆಕ್ರನ್ನಿನ ಶಾಲೆಗಳಲ್ಲಿ ವರ್ಷಕ್ಕೆ ಎರಡು ಸಲ ಹಂಚಿದುದೂ ಅಷ್ಟೇ ಅಲ್ಪ. ಆದರೆ ೨೧೯೦ ಹೆಣ್ಣುಮಕ್ಕಳಲ್ಲಿ ೫ ಮಂದಿಯ ಹೊರತು ಉಳಿದವರೆಲ್ಲರ ಕೊರಳನ್ನು ಅದು ಕಾಯಿತು.